ಕ್ಯಾನ್ಸರ್ ಬಂದ ಅಕ್ಕ ಬೆಳೆಯಲೇಬೇಕಾ?

ಯೌವನಸ್ಥರ ಕೂಟದಲ್ಲಿ ಮಾತಾಡಿದ್ದನ್ನೇ ಇಲ್ಲಿ ಬರೆದಿದ್ದೇನೆ. ಸಮಯ ಸಾಲದೆ ಅಲ್ಲಿ ಬಿಟ್ಟಿದ್ದ ಒಂದೆರಡು ವಿಷಯ ಸೇರಿಸಿದ್ದೇನೆ. ಯೋಹಾನ 11ನೇ ಅಧ್ಯಾಯ ತೆಗೆದಿಟ್ಟುಕೊಳ್ಳಿ, ಅಲ್ಲಿಗೆ ಬರ್ತೀವಿ. ಅದಕ್ಕೆ ಮೊದಲು ನನ್ನದೊಂದು ತಪ್ಪು ಹೇಳಬೇಕು.

ನಮ್ಮ ಸಭೆಯ ಒಬ್ಬ ಅಕ್ಕ. ಹೆಸರು ಬೇಡ, ಮಿಕ್ಕಿದ್ದು ಹೇಳಿ ಅಂತ ಅವರೇ ಒಪ್ಪಿಗೆ ಕೊಟ್ಟಿದ್ದಾರೆ. ವಯಸ್ಸು 41. ಪೀಣ್ಯ ಕಡೆ ಗಾರ್ಮೆಂಟ್ಸ್‌ನಲ್ಲಿ ಹದಿನಾರು ವರ್ಷದಿಂದ ಕೆಲಸ. ಎರಡು ವರ್ಷದ ಹಿಂದೆ ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ನನ್ನ ಹೆಂಡತಿಯನ್ನ ಪಕ್ಕಕ್ಕೆ ಕರೆದು, ಎಡಗಡೆ ಎದೆಯಲ್ಲಿ ಗಂಟಿನ ಥರ ಕೈಗೆ ಸಿಗ್ತಿದೆ, ನೋವೇನಿಲ್ಲ ಅಂದರು. ಅವಳು ಬಂದು ನನಗೆ ಹೇಳಿದಳು. ಇಬ್ಬರೂ ಸೇರಿ ಅವರಿಗಾಗಿ ಪ್ರಾರ್ಥನೆ ಮಾಡಿದೆವು. 'ಅಕ್ಕಾ, ನಂಬಿಕೆಯಿಂದ ಇರಿ, ಬಾಯಲ್ಲಿ ಕಾಯಿಲೆ ಹೆಸರು ಎತ್ತಬೇಡಿ' ಅಂತ ನಾನು ಅಂದೆ. ಡಾಕ್ಟರ ಹತ್ತಿರ ಹೋಗಿ ಅಂತ ಹೇಳಲಿಲ್ಲ. ಹೋಗಬೇಡಿ ಅಂತಲೂ ಹೇಳಿರಲಿಲ್ಲವಲ್ಲ ಅಂತ ಆಮೇಲೆ ಎಷ್ಟೋ ರಾತ್ರಿ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಅದು ಪೊಳ್ಳು ಸಮಾಧಾನ.

ಅಕ್ಕ ನಾಲ್ಕು ತಿಂಗಳು ಕಾದರು. ನೋವಿಲ್ಲದ ಗಂಟು ಅಂದ್ರೆ ಏನೂ ಇರಲ್ಲ ಅಂತ ನಾವೆಲ್ಲ ತಿಳಿದಿದ್ದೆವು. ಸ್ತನದ ಕ್ಯಾನ್ಸರ್ ಗಂಟು ಶುರುವಿನಲ್ಲಿ ಬಹಳ ಸಲ ನೋಯುವುದೇ ಇಲ್ಲ ಅನ್ನೋದು ನನಗೆ ಗೊತ್ತಾಗಿದ್ದು ಕಿದ್ವಾಯಿಯ ಬೆಂಚಿನ ಮೇಲೆ ಕೂತು ಅವರ ಸರದಿಗೆ ಕಾಯ್ತಿದ್ದಾಗ. ಆಮೇಲೆ ಬಯಾಪ್ಸಿ, ಮೂರು ವಾರಕ್ಕೊಂದು ಕೀಮೋ, ಆಪರೇಷನ್, ರೇಡಿಯೇಷನ್. ಹೆಚ್ಚುಕಮ್ಮಿ ಒಂದು ವರ್ಷ ಹಿಡೀತು.

ಇದು ಮೊದಲನೇ ತಪ್ಪು. ಎರಡನೆಯದಕ್ಕೇ ಇವತ್ತಿನ ಮಾತು.

ಚಿಕಿತ್ಸೆ ಮುಗಿದು, ತಲೆ ಮೇಲೆ ಕೂದಲು ಮೊಳಕೆಯ ಹಾಗೆ ಬರ್ತಿದ್ದ ಸಮಯ. ನಮ್ಮ ವಾರ್ಷಿಕ ಕೂಟ ಹತ್ತಿರ ಇತ್ತು. ನಾನು ಫೋನ್ ಮಾಡಿ, 'ಅಕ್ಕಾ, ಈ ಸಲ ನಿಮ್ಮ ಸಾಕ್ಷಿ ಇಡೋಣ' ಅಂದೆ.

'ಏನಂತ ಹೇಳಲಿ ಪಾಸ್ಟರ್?'

'ಈ ಕಷ್ಟದಲ್ಲಿ ದೇವರು ನಿಮ್ಮನ್ನ ಹೇಗೆ ಬೆಳೆಸಿದ ಅಂತ.'

ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಕುಕ್ಕರ್ ಕೂಗಿದ್ದು ಕೇಳಿಸ್ತು. ಆಮೇಲೆ ಮೆಲ್ಲಗೆ ಕೇಳಿದರು: 'ಬೆಳೆದಿಲ್ಲ ಅಂದ್ರೆ?'

ನನಗೆ ಉತ್ತರ ಹೊಳೆಯಲಿಲ್ಲ. ಬೈಬಲ್ ಕಾಲೇಜಿನಲ್ಲಿ ಕಷ್ಟಸಂಕಟದ ಬಗ್ಗೆ ನೋಟ್ಸ್ ಬರೆದಿದ್ದೆ, ಮಾರ್ಕ್ಸೂ ಚೆನ್ನಾಗೇ ಬಂದಿತ್ತು. ಪುಟಕ್ಕಿಟ್ಟ ಚಿನ್ನದ ಉದಾಹರಣೆಯನ್ನ ನಾನೇ ಎಷ್ಟು ಸಲ ಹೇಳಿಲ್ಲ! ಆದರೆ ಆ ದಿನ ಯೋಚನೆ ಬಂತು: ಕ್ಯಾನ್ಸರ್ ಅನ್ನೋ ಹೊರೆ ಹೊತ್ತು ಬಂದವರ ತಲೆ ಮೇಲೆ 'ಇದರಿಂದ ನೀನು ಒಳ್ಳೆಯವಳಾಗಿರಬೇಕು' ಅನ್ನೋ ಇನ್ನೊಂದು ಮೂಟೆ ಇಡೋಕೆ ನಾನು ಯಾರು? ಕಾಯಿಲೆ ಮನುಷ್ಯರನ್ನ ಬೆಳೆಸುತ್ತಾ? ಬೆಳೆಸಿದ್ರೆ, ಅದನ್ನ ಅವರು ನಮಗೆ ತೋರಿಸಬೇಕಾದ ಸಾಲವಾ?

ಇದು ಒಬ್ಬರ ಮನೆಯ ವಿಷಯ ಅಂದುಕೊಳ್ಳಬೇಡಿ. 2022ರ ಅಂದಾಜಿನಂತೆ ಭಾರತದಲ್ಲಿ ಒಂದೇ ವರ್ಷ ಸುಮಾರು 1,92,000 ಮಹಿಳೆಯರಿಗೆ ಹೊಸದಾಗಿ ಸ್ತನ ಕ್ಯಾನ್ಸರ್ ಬಂದಿದೆ, 98,000ದಷ್ಟು ಮಂದಿ ತೀರಿಕೊಂಡಿದ್ದಾರೆ. ಬೆಂಗಳೂರಿನ ಹೆಣ್ಣುಮಕ್ಕಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣೋ ಕ್ಯಾನ್ಸರ್ ಇದೇ. ನಿಮ್ಮ ತಾಯಿ, ಅತ್ತೆ, ನಿಮ್ಮ ಟೀಮ್‌ನ ಸೀನಿಯರ್, ಯಾರಾದ್ರೂ ಆಗಬಹುದು.

ಅಕ್ಕನ ಪ್ರಶ್ನೆ ನನ್ನನ್ನ ಓದೋಕೆ ಕೂರಿಸ್ತು. ಕಷ್ಟದ ನಂತರ ಮನುಷ್ಯರು ಬೆಳೆಯೋದನ್ನ ಮನಶ್ಶಾಸ್ತ್ರದವರೂ ಅಭ್ಯಾಸ ಮಾಡಿದ್ದಾರೆ. ಅಮೆರಿಕದ ನಾರ್ತ್ ಕ್ಯಾರೊಲಿನಾದ ಟೆಡೆಸ್ಕಿ, ಕ್ಯಾಲ್‌ಹೂನ್ ಅನ್ನೋ ಇಬ್ಬರು 1996ರಲ್ಲಿ ಅದನ್ನ ಅಳೆಯೋಕೆ 21 ವಾಕ್ಯಗಳ ಒಂದು ಪಟ್ಟಿ ಮಾಡಿದರು. ಇತರರ ಜೊತೆಗಿನ ಸಂಬಂಧ, ಹೊಸ ದಾರಿಗಳು, ಒಳಗಿನ ಬಲ, ಆತ್ಮಿಕ ಬದಲಾವಣೆ, ಬದುಕಿನ ಬೆಲೆ ತಿಳಿಯೋದು, ಹೀಗೆ ಐದು ಬಗೆಯ ಬೆಳವಣಿಗೆ. ನಮ್ಮ ನಿಮ್ಹಾನ್ಸ್‌ನವರು ಸ್ತನ ಕ್ಯಾನ್ಸರ್‌ನಿಂದ ಉಳಿದು ಬಂದ ಮಹಿಳೆಯರ ಬಗ್ಗೆ 2016ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲೂ ಇಂಥದ್ದೇ ಕಂಡಿತು: ಬದುಕನ್ನ ನೋಡೋ ರೀತಿ ಬದಲಾಗಿದೆ, ತಮ್ಮನ್ನ ತಾವು ಸ್ವಲ್ಪ ಚೆನ್ನಾಗಿ ನೋಡಿಕೊಳ್ತಿದ್ದಾರೆ, ದೇವರ ಮೇಲಿನ ನಂಬಿಕೆ ಹೆಚ್ಚಿದೆ. ಹಾಗಾಗಿ ಬೆಳವಣಿಗೆ ಅನ್ನೋದು ಬರೀ ಬೋಧಕರ ಕಲ್ಪನೆ ಅಂತ ಯಾರೂ ತಳ್ಳಿಹಾಕೋಕೆ ಆಗಲ್ಲ.

ಇನ್ನೂ ಒಂದು ಓದಿದಾಗ ನನಗೆ ಕುಣಿಯೋ ಹಾಗಾಯ್ತು. 2009ರಲ್ಲಿ ಇಟಲಿಯ ಇಬ್ಬರು ಸಂಶೋಧಕರು 103 ಅಧ್ಯಯನಗಳನ್ನ ಒಟ್ಟಿಗೆ ಇಟ್ಟು ನೋಡಿದರು. ಎಲ್ಲಾ ಬಗೆಯ ಆಘಾತಗಳೂ ಅದರಲ್ಲಿದ್ದವು. ಬೆಳವಣಿಗೆಯ ಜೊತೆ ಎಲ್ಲಕ್ಕಿಂತ ಹೆಚ್ಚು ನಂಟು ಕಂಡಿದ್ದು ಎರಡಕ್ಕೆ. ಆದದ್ದನ್ನ ಬೇರೆ ಬೆಳಕಿನಲ್ಲಿ ನೋಡೋದು ಒಂದು, ಭಕ್ತಿಯಲ್ಲಿ ಆಸರೆ ಹುಡುಕೋದು ಇನ್ನೊಂದು. ಹಲ್ಲೆಲೂಯ ಅಂತ ಪುಸ್ತಕ ಮುಚ್ಚಿಬಿಡಬಹುದಿತ್ತು. ಆದರೆ ಇದೇ ವಿಷಯ ಓದಿದವರು ಇನ್ನೆರಡು ಮಾತು ಹೇಳ್ತಾರೆ. ಬೆಳೆದೆ ಅನ್ನುವವರಲ್ಲಿ ನೋವು ಕಮ್ಮಿಯಾಗಿರುತ್ತೆ ಅಂತೇನಿಲ್ಲ, ಎರಡೂ ಒಂದೇ ಎದೆಯಲ್ಲಿ ಒಟ್ಟಿಗೆ ಇರಬಹುದು. ಎರಡನೆಯದು, ಇದೆಲ್ಲ ಅವರವರ ಬಾಯಿಂದಲೇ ಕೇಳಿ ಬರೆದದ್ದು. ಸುತ್ತ ಇರೋರು ಬೆಳವಣಿಗೆಯ ಕಥೆಗೆ ಕಾದು ಕೂತಿದ್ರೆ, ಹೇಳೋರು ಪಾಪ ಹೇಳಿಬಿಡ್ತಾರೆ. ಆ ಫೋನಿನಲ್ಲಿ ನಾನು ಮಾಡಿದ್ದು ಅದೇ ಅಲ್ವಾ?

ನಿಮಗೆ ಗೊತ್ತು, ವಾರದಲ್ಲಿ ಆರು ದಿನ ನಾನು ಪೀಣ್ಯ ಸೆಕೆಂಡ್ ಸ್ಟೇಜ್‌ನಲ್ಲಿ ಒಂದು ಶಾಪ್‌ನಲ್ಲಿ ಕ್ವಾಲಿಟಿ ನೋಡೋನು. ಹೀಟ್ ಟ್ರೀಟ್‌ಮೆಂಟ್‌ಗೆ ಕಳಿಸಿದ ಪೀಸ್‌ಗಳು ವಾಪಸ್ ಬಂದಾಗ ಗಡಸುತನ ಚೆಕ್ ಮಾಡೋದು ನನ್ನ ಕೆಲಸ. ಉಕ್ಕನ್ನ 800 ಡಿಗ್ರಿ ಮೇಲೆ ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿ ತೆಗೆದರೆ ತುಂಬಾ ಗಟ್ಟಿಯಾಗುತ್ತೆ. ಆದರೆ ಅಷ್ಟಕ್ಕೇ ಬಿಟ್ಟರೆ ಕೈಜಾರಿ ಬಿದ್ದರೂ ಬಿರುಕು ಬಿಡಬಹುದು, ಗಾಜಿನ ಹಾಗೆ. ಅದಕ್ಕೇ ಆಮೇಲೆ ಮತ್ತೆ ಕಮ್ಮಿ ಶಾಖದಲ್ಲಿ, 200 ಡಿಗ್ರಿ ಆಸುಪಾಸಿನಲ್ಲಿ, ನಿಧಾನಕ್ಕೆ ಒಂದೆರಡು ಗಂಟೆ ಇಡ್ತಾರೆ. ಟೆಂಪರಿಂಗ್ ಅಂತೀವಿ. ತಡೆದುಕೊಳ್ಳೋ ಗುಣ ಬರೋದು ಅಲ್ಲಿ. ನಾವು ಬೋಧಕರು ಬೆಂಕಿಯ ಬಗ್ಗೆ ತುಂಬಾ ಮಾತಾಡ್ತೀವಿ, ಈ ಎರಡನೇ ಒಲೆಯ ಬಗ್ಗೆ ಮಾತೇ ಇಲ್ಲ. ಟೆಡೆಸ್ಕಿ ಅವರ ಮಾತೂ ಇದಕ್ಕೆ ಹತ್ತಿರ ಇದೆ: ಬೆಳೆಸೋದು ಆಘಾತ ಅಲ್ಲ, ಆಘಾತ ಆದ ಮೇಲೆ ಮನುಷ್ಯ ಅದರ ಜೊತೆ ಮಾಡೋ ಗುದ್ದಾಟ. ಆ ಗುದ್ದಾಟಕ್ಕೆ ಸಮಯ ಬೇಕು, ಜನ ಬೇಕು.

ಈಗ ಯೋಹಾನ 11. ಕಷ್ಟವನ್ನ ಜನ ಹೇಗೆ ನಿಭಾಯಿಸ್ತಾರೆ ಅಂತ 1984ರಲ್ಲಿ ದೊಡ್ಡ ಪುಸ್ತಕ ಬರೆದ ಇಬ್ಬರಲ್ಲಿ ಒಬ್ಬರ ಹೆಸರು ಲಾಜರಸ್. ನಗಬೇಡಿ, ನಿಜವಾಗಲೂ. ರಿಚರ್ಡ್ ಲಾಜರಸ್, ಜೊತೆಗೆ ಸೂಸನ್ ಫೋಕ್‌ಮನ್. ಕೆಲವರು ಸಮಸ್ಯೆಗೇ ಕೈ ಹಾಕ್ತಾರೆ, ಕೆಲವರು ಆ ಸಮಸ್ಯೆಯಿಂದ ಮನಸ್ಸಿಗಾದ ಗಾಯ ನೋಡಿಕೊಳ್ತಾರೆ, ಹೆಚ್ಚಿನವರು ಎರಡನ್ನೂ ಮಾಡ್ತಾರೆ ಅಂತ ಅವರ ವಿವರಣೆ. ಬೇಥಾನ್ಯದ ಲಾಜರನ ಮನೆಯಲ್ಲಿ ಎರಡೂ ಇದೆ ನೋಡಿ. ತಮ್ಮ ಸತ್ತು ನಾಲ್ಕು ದಿನ. ಯೇಸು ಬರ್ತಿದ್ದಾನೆ ಅಂತ ಗೊತ್ತಾದ ಕೂಡಲೇ ಮಾರ್ಥ ಎದ್ದು ಊರಾಚೆಗೇ ಹೋಗ್ತಾಳೆ. ಮರಿಯ ಮನೆಯಲ್ಲೇ ಕೂತಿರ್ತಾಳೆ. ಆಮೇಲೆ ಇಬ್ಬರೂ ಯೇಸುವಿನ ಮುಂದೆ ಇಡೋದು ಒಂದೇ ದೂರು: ನೀನು ಸಮಯಕ್ಕೆ ಬಂದಿದ್ದರೆ ಹೀಗಾಗ್ತಿರಲಿಲ್ಲ. ಒಂದೇ ಮಾತಿಗೆ ಕರ್ತನು ಎರಡು ಥರ ಉತ್ತರ ಕೊಡ್ತಾನೆ. ಮಾರ್ಥಳ ಜೊತೆ ಪುನರುತ್ಥಾನದ ಬಗ್ಗೆ ಮಾತಾಡ್ತಾನೆ, ಯಾಕಂದ್ರೆ ಅವಳಿಗೆ ಮಾತು ಬೇಕಿತ್ತು. ಮರಿಯಳ ಜೊತೆ ಅಳ್ತಾನೆ.

ಮಾರ್ಥಳಿಗೆ 'ನೀನೂ ಮರಿಯಳ ಥರ ಅಳು' ಅನ್ನಲಿಲ್ಲ. ಮರಿಯಳಿಗೆ 'ನಿನ್ನ ಅಕ್ಕನ್ನ ನೋಡು, ಎಷ್ಟು ಧೈರ್ಯ' ಅನ್ನಲಿಲ್ಲ. ನನ್ನದೇ ಕೌನ್ಸೆಲಿಂಗ್ ನೆನಪಾದಾಗ ಇದು ನನಗೆ ಚುಚ್ಚುತ್ತೆ. ನಾವು ಒಬ್ಬರ ಕಾಯಿಲೆಗೆ ಇನ್ನೊಬ್ಬರ ಧೈರ್ಯವನ್ನ ಔಷಧಿ ಅಂತ ಕುಡಿಸ್ತೀವಿ.

ಕನ್ನಡದಲ್ಲೇ ಎರಡು ಉದಾಹರಣೆ ಹೇಳ್ತೀನಿ. ಬೆಂಗಳೂರಿನ ಲೇಖಕಿ ಭಾರತಿ ಬಿ.ವಿ. ತಮ್ಮ ಸ್ತನ ಕ್ಯಾನ್ಸರ್‌ನ ಅನುಭವವನ್ನ 'ಸಾಸಿವೆ ತಂದವಳು' ಅನ್ನೋ ಪುಸ್ತಕವಾಗಿ ಬರೆದರು. ಎದೆಯ ಕಾಯಿಲೆಯ ಬಗ್ಗೆ ಹೆಣ್ಣುಮಕ್ಕಳು ಅಡುಗೆಮನೆಯಲ್ಲೂ ಪಿಸುಗುಟ್ಟೋ ಊರಲ್ಲಿ ಅದು ಸಣ್ಣ ಕೆಲಸ ಅಲ್ಲ. ಇನ್ನೊಬ್ಬರು ನಮ್ಮ ಮೆಟ್ರೋದಲ್ಲಿ ಮುಂದಿನ ನಿಲ್ದಾಣ ಯಾವುದು ಅಂತ ಕನ್ನಡದಲ್ಲಿ ಹೇಳಿದ ಧ್ವನಿಯ ಅಪರ್ಣಾ. ಅವರದು ಶ್ವಾಸಕೋಶದ ಕ್ಯಾನ್ಸರ್. 2024ರ ಜುಲೈ 11ರಂದು ತೀರಿಕೊಂಡರು. ಎರಡು ವರ್ಷದಿಂದ ಕಾಯಿಲೆ ಇತ್ತು ಅನ್ನೋದು ಆ ದಿನ ಅವರ ಪತಿ ನಾಗರಾಜ ವಸ್ತಾರೆ ಹೇಳಿದ ಮೇಲೇ ನಮ್ಮಲ್ಲಿ ಹೆಚ್ಚಿನವರಿಗೆ ತಿಳಿದಿದ್ದು. ಜಾಲಹಳ್ಳಿಗೋ ನಾಗಸಂದ್ರಕ್ಕೋ ಹೋಗೋ ನಾವು ದಿನಾ ಆ ಧ್ವನಿ ಕೇಳ್ತಾ ಇದ್ದೆವು. ಒಬ್ಬರು ಎಲ್ಲವನ್ನೂ ಬರೆದು ಹೇಳಿದರು, ಇನ್ನೊಬ್ಬರು ಹೇಳದೇ ಇದ್ದರು. ಇವರಲ್ಲಿ ಯಾರು ಸರಿಯಾಗಿ ನಿಭಾಯಿಸಿದರು ಅಂತ ಮಾರ್ಕ್ಸ್ ಹಾಕೋಕೆ ನನಗೆ ಧೈರ್ಯ ಇಲ್ಲ.

ಆ ಪುಸ್ತಕದ ಹೆಸರಿನ ಬಗ್ಗೆ ಒಂದು ಮಾತು. ಸಾಸಿವೆ ಅಂದ ಕೂಡಲೇ ಈ ನಾಡಿನವರಿಗೆ ನೆನಪಾಗೋದು ಬುದ್ಧ ಮತ್ತು ಕಿಸಾ ಗೋತಮಿಯ ಕಥೆ. ಸಾವಿಲ್ಲದ ಮನೆಯಿಂದ ಸಾಸಿವೆ ತಾ ಅಂದಾಗ ಮಗು ಕಳಕೊಂಡ ತಾಯಿ ಮನೆಮನೆ ಬಾಗಿಲು ತಟ್ಟಿದಳು. ಇದನ್ನ ಪಾಸ್ಟರ್ ಯಾಕೆ ಹೇಳ್ತಾನೆ ಅಂತ ಕೆಲವರಿಗೆ ಸಿಟ್ಟು ಬರಬಹುದು, ಬರಲಿ. ನಮ್ಮ ಸಭೆಗಳಲ್ಲಿ ಸಾಸಿವೆ ಕಾಳು ಅಂದ್ರೆ ನಂಬಿಕೆಯ ಅಳತೆ ಆಗಿಬಿಟ್ಟಿದೆ. ಗಂಟು ಕರಗಲಿಲ್ಲವಾ, ಅಷ್ಟು ಸಣ್ಣ ಕಾಳಿನಷ್ಟೂ ನಂಬಿಕೆ ಇರಲಿಲ್ಲ ಅಂತ ಲೆಕ್ಕ. ಆ ಕಥೆಯ ಸಾಸಿವೆ ಆ ತಾಯಿಯನ್ನ ಪಕ್ಕದ ಮನೆಗೆ ಕರಕೊಂಡು ಹೋಯ್ತು. ನಮ್ಮ ಸಾಸಿವೆ ಅಕ್ಕನನ್ನ ಒಬ್ಬಂಟಿ ಮಾಡ್ತು. ಬೆಟ್ಟ ಕದಲಿಸಿ ಅಂತ ಯೇಸು ಹೇಳಿದ್ದು ಶಿಷ್ಯರ ಗುಂಪಿಗೆ, ರೋಗಿಯ ಕೈಗೆ ಕೊಟ್ಟ ಪರೀಕ್ಷೆ ಪತ್ರಿಕೆ ಅಲ್ಲ.

ಹಾಗಾದ್ರೆ ಹೋರಾಟ? 'ಫೈಟರ್', 'ಕ್ಯಾನ್ಸರ್ ಗೆದ್ದವಳು' ಅಂತ ರೀಲ್ಸ್‌ನಲ್ಲಿ ಹಾಕ್ತೀವಲ್ಲ, ಅದಕ್ಕೂ ಒಂದು ಇತಿಹಾಸ ಇದೆ. ಲಂಡನ್ನಿನ ಸ್ಟೀವನ್ ಗ್ರೀರ್ ಮತ್ತು ಜೊತೆಯವರು ಸ್ತನ ಕ್ಯಾನ್ಸರ್ ಬಂದ 69 ಮಹಿಳೆಯರನ್ನ ಐದು ವರ್ಷ ಗಮನಿಸಿ 1979ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಹೋರಾಡ್ತೀನಿ ಅನ್ನೋರು, ನನಗೇನೂ ಆಗಿಲ್ಲ ಅನ್ನೋರು, ಬಂದದ್ದು ಬರಲಿ ಅಂತ ತುಟಿಕಚ್ಚಿ ಕೂತೋರು, ಕೈಚೆಲ್ಲಿದೋರು, ಹೀಗೆ ನಾಲ್ಕು ಬಗೆ. ಮೊದಲಿನ ಎರಡು ಗುಂಪಿನವರು ಹೆಚ್ಚು ಚೆನ್ನಾಗಿ ಉಳಿದರು. ಲೋಕವೆಲ್ಲ ಹೋರಾಟದ ಮನೋಭಾವವನ್ನ ತಲೆ ಮೇಲೆ ಹೊತ್ತುಕೊಂಡು ಮೆರೆಸಿತು. (ಏನೂ ಆಗಿಲ್ಲ ಅಂದವರೂ ಅಷ್ಟೇ ಚೆನ್ನಾಗಿದ್ದರು ಅನ್ನೋದನ್ನ ಯಾರೂ ಪ್ರಸಂಗ ಮಾಡಲಿಲ್ಲ!) ಇಪ್ಪತ್ತು ವರ್ಷ ಕಳೆದು, 1999ರಲ್ಲಿ, ಅದೇ ಪತ್ರಿಕೆಯಲ್ಲಿ 578 ಮಹಿಳೆಯರ ದೊಡ್ಡ ಅಧ್ಯಯನ ಬಂತು. ಹೋರಾಟದ ಮನೋಭಾವದಿಂದ ಆಯುಸ್ಸು ಹೆಚ್ಚಿದ್ದು ಕಾಣಲಿಲ್ಲ. ಪೂರ್ತಿ ಕೈಚೆಲ್ಲಿ ಕೂತವರಿಗೆ ಮಾತ್ರ ಸ್ವಲ್ಪ ಕೆಡುಕು ಕಂಡಿತು.

ಇದನ್ನ ಅಕ್ಕನಿಗೆ ಹೇಳಿದಾಗ ಅವರು ನಕ್ಕರು. ಎಷ್ಟೋ ದಿನದ ಮೇಲೆ ಅವರು ಹಾಗೆ ನಕ್ಕಿದ್ದು. 'ಅಂದ್ರೆ ಕೀಮೋ ಆದ ಮೂರನೇ ದಿನ ಗೋಡೆ ಕಡೆ ತಿರುಗಿ ಮಲಗಿದ್ದಕ್ಕೆ ನಾನೇನೂ ಸಾಯಲ್ಲ, ಅಲ್ವಾ?' ಅಂದರು. ಅವರ ಮನಸ್ಸಿನಲ್ಲಿ ಅದೊಂದು ಭಯ ಕೂತಿತ್ತು. ಅತ್ತರೆ ಕ್ಯಾನ್ಸರ್ ವಾಪಸ್ ಬರುತ್ತೆ ಅನ್ನೋ ಭಯ. ಯಾರು ಕೂರಿಸಿದ್ದು? ಧೈರ್ಯ ಹೇಳೋಕೆ ಹೋದ ನಾವೇ.

ಗೋಡೆ ಕಡೆ ತಿರುಗಿದ ಇನ್ನೊಬ್ಬ ಬೈಬಲ್ಲಿನಲ್ಲಿದ್ದಾನೆ. ಎರಡನೇ ಅರಸುಗಳು 20. ಹಿಜ್ಕೀಯ ರಾಜ. ಸಾಯೋ ಕಾಯಿಲೆ, ಗೋಡೆಗೆ ಮುಖ ಮಾಡಿ ಬಿಕ್ಕಿ ಬಿಕ್ಕಿ ಅತ್ತ. ದೇವರು ಅವನಿಗೆ 15 ವರ್ಷ ಆಯುಸ್ಸು ಕೊಟ್ಟ. ಪ್ರವಾದಿ ಯೆಶಾಯ ಬರೀ ಪ್ರಾರ್ಥನೆ ಮಾಡಿ ಹೋಗಲಿಲ್ಲ, ಹುಣ್ಣಿಗೆ ಅಂಜೂರದ ಹಣ್ಣಿನ ಪಟ್ಟು ಹಾಕಿಸಿದ. (ಔಷಧಿ ಅಂದ್ರೆ ಅಪನಂಬಿಕೆ ಅನ್ನೋರು ಈ ವಾಕ್ಯಕ್ಕೆ ಕೆಂಪು ಪೆನ್ನಿನಲ್ಲಿ ಗೆರೆ ಹಾಕಿಕೊಳ್ಳಿ. ನಾನೂ ಹಾಕಿಕೊಂಡಿದ್ದೇನೆ, ತಡವಾಗಿ.) ಇಲ್ಲಿಯವರೆಗೆ ಇದು ನಮ್ಮ ವೇದಿಕೆಗೆ ಹೇಳಿ ಮಾಡಿಸಿದ ಸಾಕ್ಷಿ. ಮುಂದಿನದನ್ನ ನಾವು ಓದಲ್ಲ. ಗುಣವಾದ ಮೇಲೆ ಬಾಬೆಲಿನಿಂದ ಜನ ಬಂದರು. ಹಿಜ್ಕೀಯ ಬೀಗಿಕೊಂಡು ಖಜಾನೆ ಎಲ್ಲಾ ತೋರಿಸಿದ. ಇದೆಲ್ಲ ಒಂದು ದಿನ ಬಾಬೆಲಿಗೆ ಹೋಗುತ್ತೆ, ನಿನ್ನ ವಂಶದವರನ್ನೂ ಒಯ್ಯುತ್ತಾರೆ ಅಂತ ಪ್ರವಾದಿ ಹೇಳಿದಾಗ, ಸದ್ಯ ನನ್ನ ಕಾಲದಲ್ಲಿ ಆಗಲ್ವಲ್ಲ ಅಂತ ನೆಮ್ಮದಿ ಪಟ್ಟ. ಎರಡನೇ ಪೂರ್ವಕಾಲವೃತ್ತಾಂತ 32ರಲ್ಲಿ ಅವನ ಹೃದಯ ಉಬ್ಬಿತು, ಆಮೇಲೆ ತಗ್ಗಿಸಿಕೊಂಡ ಅಂತ ಇದೆ. ಅಂದ್ರೆ ಕಾಯಿಲೆ ಬಂತು, ಕಣ್ಣೀರು ಬಂತು, ಅದ್ಭುತವೂ ಆಯ್ತು, ಮನುಷ್ಯ ಮಾತ್ರ ಬೆಳೆಯದೇ ಇರಬಹುದು. ಹಾಗಂತ ದೇವರು ಕೊಟ್ಟ 15 ವರ್ಷದಲ್ಲಿ ಒಂದು ದಿನವನ್ನೂ ವಾಪಸ್ ತೆಗೆದುಕೊಳ್ಳಲಿಲ್ಲ. ಬೆಳೀತೀಯಾ ಅಂತ ಕೇಳಿ ಕೊಟ್ಟ ಆಯುಸ್ಸು ಅದಲ್ಲ.

ಅಕ್ಕನಿಗೆ ನಾನು ಕೊಡಬೇಕಾಗಿದ್ದ ಉತ್ತರ ಅಲ್ಲಿತ್ತು. ಬೆಳೆದಿಲ್ಲ ಅಂದ್ರೆ? ಬೆಳೆದಿಲ್ಲ ಅಷ್ಟೇ ಅಕ್ಕಾ, ನೀವು ಇದ್ದೀರಲ್ಲ. ಅದನ್ನ ಹೇಳೋಕೆ ನನಗೆ ಏಳು ತಿಂಗಳು ಬೇಕಾಯ್ತು.

ದೇವರನ್ನ ನಂಬಿದವರು ಕಷ್ಟ ನಿಭಾಯಿಸೋದರಲ್ಲೂ ಬೇರೆ ಬೇರೆ ರೀತಿ ಇದೆ ಅಂತ ಅಮೆರಿಕದ ಕೆನೆತ್ ಪಾರ್ಗಮೆಂಟ್ ಅನ್ನೋರು 1988ರಲ್ಲಿ ಬರೆದರು. ಎಲ್ಲಾ ದೇವರೇ ನೋಡಿಕೊಳ್ತಾನೆ ಅಂತ ಕೈಕಟ್ಟಿ ಕೂರೋದು ಒಂದು. ದೇವರು ಬುದ್ಧಿ ಕೊಟ್ಟಿದ್ದಾನೆ, ಮಿಕ್ಕಿದ್ದು ನಾನೇ ಮಾಡ್ತೀನಿ ಅನ್ನೋದು ಇನ್ನೊಂದು. ದೇವರೂ ನಾನೂ ಸೇರಿ ಮಾಡ್ತೀವಿ ಅನ್ನೋದು ಮೂರನೆಯದು. ನಾನು ಅಕ್ಕನನ್ನ ಮೊದಲನೆಯದಕ್ಕೆ ತಳ್ಳಿದ್ದೆ. ಅವರು ತಾವಾಗಿಯೇ ಮೂರನೆಯದಕ್ಕೆ ನಡೆದುಕೊಂಡು ಬಂದರು. ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಪ್ರತಿ ಸಲದ ರಕ್ತದ ಕೌಂಟ್ ಬರೆದಿಡ್ತಿದ್ದರು, ಯಾಕಂದ್ರೆ ಕೌಂಟ್ ಕಮ್ಮಿ ಇದ್ರೆ ಕೀಮೋ ಮುಂದಕ್ಕೆ ಹೋಗುತ್ತೆ. ಎಡಗಡೆ ಪುಟದಲ್ಲಿ ಕೌಂಟ್, ಬಲಗಡೆ ಪುಟದಲ್ಲಿ ಪ್ರಾರ್ಥನೆ. ಡಾಕ್ಟರಿಗೆ ಕೇಳಬೇಕಾದ ಪ್ರಶ್ನೆ, ದೇವರಿಗೆ ಕೇಳಬೇಕಾದ ಪ್ರಶ್ನೆ, ಅಕ್ಕಪಕ್ಕ. ಒಂದು ಪುಟ ನನಗೆ ತೋರಿಸಿದರು. ದೇವರ ಕಡೆ ಪುಟದಲ್ಲಿ ಆ ದಿನ ಬರೆದಿದ್ದು ಒಂದೇ ಪದ: 'ಯಾಕೆ'. ಕೀರ್ತನೆ 88 ಗೊತ್ತಲ್ವಾ? ಅದು ಕತ್ತಲಲ್ಲೇ ಮುಗಿಯುತ್ತೆ, ಕೊನೆಗೆ ಸ್ತೋತ್ರ ಇಲ್ಲ. ಅದನ್ನ ಬೈಬಲ್ಲಿನಿಂದ ಯಾರೂ ತೆಗೆದುಹಾಕಲಿಲ್ಲ. ಸಾಕ್ಷಿ ಅಂದ್ರೆ ಕೊನೆ ಚೆನ್ನಾಗಿರಲೇಬೇಕು ಅಂತ ರೂಲ್ ಮಾಡಿದ್ದು ನಾವು.

ಇನ್ನೊಂದು ವಿಷಯ ಹೇಳಲೇಬೇಕು, ಇದು ನಮ್ಮಂಥ ಸಭೆಗಳಿಗೆ ಬಿಸಿ ಮುಟ್ಟಿಸೋ ವಿಷಯ. ಅದೇ ಪಾರ್ಗಮೆಂಟ್ ಮತ್ತು ಜೊತೆಯವರು 55 ದಾಟಿದ ಸುಮಾರು 600 ಮಂದಿ ಆಸ್ಪತ್ರೆ ರೋಗಿಗಳನ್ನ ಎರಡು ವರ್ಷ ಗಮನಿಸಿ 2001ರಲ್ಲಿ ಪ್ರಕಟಿಸಿದರು. ದೇವರು ನನ್ನ ಕೈಬಿಟ್ಟನಾ, ನನ್ನ ಮೇಲೆ ಪ್ರೀತಿ ಇಲ್ವಾ, ಇದು ಸೈತಾನನ ಕೆಲಸ ಅಂತ ಒಳಗೇ ಒದ್ದಾಡ್ತಿದ್ದವರಲ್ಲಿ ಸಾವು ಸ್ವಲ್ಪ ಹೆಚ್ಚಿತ್ತು. ಒದ್ದಾಟವೇ ಸಾವಿಗೆ ಕಾರಣ ಅಂತ ಇದರಿಂದ ಹೇಳೋಕೆ ಆಗಲ್ಲ. ಆದರೂ ಇದನ್ನ ಓದಿದ ರಾತ್ರಿ ನಾನು ಮಲಗಲಿಲ್ಲ. ಯಾಕಂದ್ರೆ ಅಕ್ಕನ ಮನೆಯ ಪ್ರಾರ್ಥನಾ ಕೂಟದಲ್ಲಿ ನಾವು ಏನೇನು ಅಂದಿದ್ದೆವು ಅಂತ ನನಗೆ ಗೊತ್ತು. ಒಬ್ಬರು ಸೈತಾನನನ್ನ ಗದರಿಸ್ತಾ ಅವರ ಎದೆಯ ಕಡೆ ಕೈಮಾಡಿ ಕೂಗಿದರು. ಇನ್ನೊಬ್ಬರು, ಒಪ್ಪಿಕೊಳ್ಳದ ಪಾಪ ಏನಾದ್ರೂ ಇದೆಯಾ ನೋಡಿಕೊಳ್ಳಮ್ಮ ಅಂದರು. ನಾನು ತಡೆಯಲಿಲ್ಲ. ಒಳಗಿನ ಕೋಣೆಯಲ್ಲಿ ಹದಿನಾಲ್ಕು ವರ್ಷದ ಮಗಳು ಓದ್ತಾ ಕೂತಿದ್ದಳು. ಎರಡು ವಾರ ಬಿಟ್ಟು ಅವಳು ನನ್ನ ಹೆಂಡತಿಯನ್ನ ಕೇಳಿದ್ದು: 'ಆಂಟಿ, ಅಮ್ಮ ಏನು ತಪ್ಪು ಮಾಡಿದ್ದು?'

ಯೋಹಾನ 9ರಲ್ಲಿ ಶಿಷ್ಯರೂ ಇದೇ ಕೇಳಿದ್ದು, ಹುಟ್ಟುಕುರುಡನನ್ನ ಮುಂದೆ ನಿಲ್ಲಿಸಿಕೊಂಡು. ಯೇಸು ಆ ಲೆಕ್ಕಾಚಾರವನ್ನೇ ಒಪ್ಪಲಿಲ್ಲ.

ಮಾರ್ಥ, ಮರಿಯ ಕೂಡ ದೂರಿದರಲ್ಲ, ಅವರದ್ದೂ ಒದ್ದಾಟವೇ ಅಲ್ವಾ ಅಂತ ಕೂಟದಲ್ಲಿ ಒಬ್ಬ ತಮ್ಮ ಕೇಳಿದ. ಒಳ್ಳೆ ಪ್ರಶ್ನೆ. ನನಗೆ ಅನ್ನಿಸೋದು ಇಷ್ಟು: ಅವರು ಕರ್ತನ ಮುಖ ನೋಡಿ ಕೇಳಿದರು, ಸುತ್ತ ಜನ ಇದ್ದರು, ಯಾರೂ ಅವರ ಬಾಯಿ ಮುಚ್ಚಿಸಲಿಲ್ಲ. ಯೋಬನ ಸ್ನೇಹಿತರು ಕೂಡ ಮೊದಲ ಏಳು ದಿನ ಬಾಯಿ ಬಿಡದೆ ನೆಲದ ಮೇಲೆ ಜೊತೆಯಲ್ಲಿ ಕೂತಿದ್ದರು. ಅವರ ಜೀವಮಾನದ ಒಳ್ಳೆ ಸೇವೆ ಅದೇ. ಎಂಟನೇ ದಿನದಿಂದ ಪ್ರಸಂಗ ಶುರು ಮಾಡಿದ್ರು, ಕೆಟ್ಟಿತು.

ಅಕ್ಕ ಬೆಳೆದರಾ ಇಲ್ವಾ ಅಂತ ಕೆಲವರಿಗೆ ಇನ್ನೂ ಕುತೂಹಲ ಇರುತ್ತೆ. ನಡೆದದ್ದು ಹೇಳ್ತೀನಿ, ಹೆಸರು ನೀವೇ ಇಟ್ಟುಕೊಳ್ಳಿ. ಆಪರೇಷನ್‌ನಲ್ಲಿ ಕಂಕುಳ ಗಂಟುಗಳನ್ನೂ ತೆಗೆದಿದ್ರಿಂದ ಎಡಗೈ ಊದಿಕೊಳ್ಳೋ ಸಂಭವ ಇದೆ, ಭಾರ ಎತ್ತಬೇಡಿ ಅಂದಿದ್ದರು. ಭಾನುವಾರದ ಅಡುಗೆ ಪಾತ್ರೆ ಎತ್ತೋಕೆ ಆಗದೆ ಅವರು ಅಡುಗೆ ಬಿಟ್ಟರು. ಹನ್ನೆರಡು ವರ್ಷದಿಂದ ಅವರೇ ಅದರ ಜವಾಬ್ದಾರಿ. ಕೆಲವು ತಿಂಗಳಾದ ಮೇಲೆ, 'ಅಕ್ಕಾ, ಎತ್ತೋ ಕೆಲಸ ಹುಡುಗರು ಮಾಡ್ತಾರೆ, ನೀವು ನಿಂತು ಹೇಳಿದ್ರೆ ಸಾಕು' ಅಂದೆ. ಅವರು ಹೇಳಿದ್ದು: 'ಕೈ ಸರಿಯಾದ್ರೂ ಮಾಡಲ್ಲ ಪಾಸ್ಟರ್. ಆರಾಧನೆ ಪೂರ್ತಿ ಕೂತು ನೋಡಬೇಕು ಅಂತ ಆಸೆ. ಹನ್ನೆರಡು ವರ್ಷದಿಂದ ನಿಮ್ಮ ಪ್ರಸಂಗದ ಕೊನೆ ನಾನು ಕೇಳೇ ಇಲ್ಲ, ಬೇಳೆ ನೋಡೋಕೆ ಎದ್ದು ಹೋಗ್ತಿದ್ದೆ.'

ಮೊದಲು ನನಗೆ ಬೇಜಾರಾಯ್ತು, ನಿಜ ಹೇಳ್ತೀನಿ. ಸೇವೆಯ ಮನಸ್ಸು ಹೋಯ್ತು ಅಂತ ಹೆಂಡತಿ ಹತ್ತಿರ ಗೊಣಗಿದೆ. ಅವಳು ಲೂಕ 10 ಓದ್ರಿ ಅಂದಳು. ಅಲ್ಲೂ ಅದೇ ಮಾರ್ಥ, ಅದೇ ಮರಿಯ. ನನಗೆ ತಲೆ ಎತ್ತೋಕೆ ಆಗಲಿಲ್ಲ.

ಮನೆಯಲ್ಲೂ ಈಗ ಅವರು ಎಲ್ಲರ ಜೊತೆ ಬಿಸಿಯಾಗಿರೋವಾಗಲೇ ಊಟಕ್ಕೆ ಕೂರ್ತಾರಂತೆ. ಅಣ್ಣನಿಗೆ, ಅಂದ್ರೆ ಅವರ ಯಜಮಾನರಿಗೆ, ಅದು ಅಭ್ಯಾಸ ಆಗೋಕೆ ಸ್ವಲ್ಪ ದಿನ ಹಿಡೀತು. ರಾತ್ರಿ ಹೊತ್ತು ಭಯ ಇನ್ನೂ ಬರುತ್ತೆ, ಬೆನ್ನು ನೋವು ಬಂದ್ರೂ ಅದೇನಾ ಅನ್ನಿಸುತ್ತೆ ಅಂತಾರೆ. ಸಾಕ್ಷಿ ಇನ್ನೂ ಹೇಳಿಲ್ಲ. ನಾನೂ ಮತ್ತೆ ಕೇಳಿಲ್ಲ.

ಸಭೆಯಲ್ಲಿ ಎರಡು ಬದಲಾವಣೆ ಮಾಡಿದ್ದೇವೆ. ಒಂದು, ಕಾಯಿಲೆಗೆ ಪ್ರಾರ್ಥನೆ ಕೇಳಿದವರಿಗೆ ಪ್ರಾರ್ಥನೆಯ ಜೊತೆಗೇ ಡಾಕ್ಟರ ಹತ್ತಿರ ಯಾವಾಗ ಹೋಗ್ತೀರಾ, ಜೊತೆಗೆ ಯಾರು ಬರಬೇಕು ಅಂತ ಕೇಳ್ತೀವಿ. ಸಹೋದರಿಯರೇ, 30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲೇ ಸ್ತನದ ತಪಾಸಣೆಗೆ ವ್ಯವಸ್ಥೆ ಇದೆ. ಗಂಟು, ಚರ್ಮದಲ್ಲಿ ಗುಳಿ, ಮೊಲೆತೊಟ್ಟಿನಿಂದ ರಕ್ತ ಇಂಥದ್ದು ಕಂಡರೆ ನನ್ನ ಹತ್ತಿರ ಬರೋದಕ್ಕಿಂತ ಮೊದಲು ಅಲ್ಲಿಗೆ ಹೋಗಿ. ನಾಚಿಕೆ ಬೇಡ. ಎರಡನೆಯದು, ಭಾನುವಾರದ ಅಡುಗೆ ಈಗ ಗಂಡಸರ ಸರದಿ. ಚಿತ್ರಾನ್ನದಲ್ಲಿ ಉಪ್ಪು ಹೆಚ್ಚುಕಮ್ಮಿ ಆಗ್ತಿದೆ ಅಂತ ದೂರು ಬಂದಿದೆ, ಸಹಿಸಿಕೊಳ್ಳಿ.

ಬರೋ ಗುರುವಾರ ಅಕ್ಕನಿಗೆ ಕಿದ್ವಾಯಿಯಲ್ಲಿ ಚೆಕಪ್. ಅಣ್ಣನಿಗೆ ರಜೆ ಸಿಕ್ಕಿಲ್ಲ. ಬೆಳಿಗ್ಗೆ ಐದೂಮುಕ್ಕಾಲಿಗೆ ಚಿಕ್ಕಬಾಣಾವರ ಸ್ಟೇಷನ್ ಹತ್ತಿರ ಸೇರಿ, ಮೆಜೆಸ್ಟಿಕ್‌ಗೆ ಹೋಗಿ, ಅಲ್ಲಿಂದ ಬಸ್ಸು. ವಾಪಸ್ ಬರೋದು ಸಂಜೆ ಆಗಬಹುದು. ವರ್ಕ್ ಫ್ರಮ್ ಹೋಮ್ ಇರೋ ತಂಗಿಯರು ಯಾರಾದ್ರೂ ಒಬ್ಬರು ಜೊತೆಗೆ ಹೋಗೋಕಾದ್ರೆ ಬುಧವಾರದೊಳಗೆ ನನ್ನ ಹೆಂಡತಿಗೆ ಹೇಳಿ. ಅಕ್ಕನದು ಒಂದೇ ಷರತ್ತು: ದಾರಿಯುದ್ದಕ್ಕೂ ಧೈರ್ಯ ಹೇಳೋರು ಬೇಡ, ಕಡ್ಲೆಕಾಯಿ ತಿನ್ನೋಕೆ ಜೊತೆ ಆಗೋರು ಬರಲಿ.